ವೇವ್‌ಫಾರ್ಮ್ ಅಳೆಯುವ ಮುಂಚೆ ಚುಕ್ಕೆಗಳನ್ನು ನೋಡಿ

ಸರ್ಕ್ಯೂಟನ್ನು ಕಂಪ್ಯೂಟರಿನಲ್ಲೇ ಓಡಿಸಿ ನೋಡುವ ಎಲ್‌ಟಿಸ್ಪೈಸ್ ಎಂಬ ಸಾಫ್ಟ್‌ವೇರಿನಲ್ಲಿ ರನ್ ಒತ್ತಿ ಔಟ್‌ಪುಟ್ ನೋಡ್ (ತಂತಿಗಳು ಕೂಡುವ ಬಿಂದು) ಮೇಲೆ ಕ್ಲಿಕ್ ಮಾಡಿದರೆ ಹಸಿರು ಗೆರೆಯೊಂದು ಮೂಡುತ್ತದೆ. ನುಣುಪಾಗಿ, ಎಲ್ಲೂ ಕಡಿಯದೆ, ಆಸಿಲೋಸ್ಕೋಪಿನ ಪರದೆಯಲ್ಲಿ ಕಂಡಂತೆಯೇ ಕಾಣುತ್ತದೆ. ಎಡವಟ್ಟು ಶುರುವಾಗುವುದು ಈ ಹೋಲಿಕೆಯಿಂದಲೇ. ಪ್ಲಾಟ್ ಸೆಟ್ಟಿಂಗ್ಸ್ ಮೆನುವಿನಲ್ಲಿ 'ಮಾರ್ಕ್ ಡೇಟಾ ಪಾಯಿಂಟ್ಸ್' ಆನ್ ಮಾಡಿ, ಒಂದು ಅಂಚಿನ ಹತ್ತಿರ ಝೂಮ್ ಮಾಡಿ ನೋಡಿ. ಗೆರೆ ಮೇಲೇಳುವ ಕಡೆ ಚುಕ್ಕೆಗಳು ಜಾತ್ರೆಯಂತೆ ಮುತ್ತಿಕೊಂಡಿರುತ್ತವೆ. ಸಪಾಟಾಗಿರುವ ಕಡೆ ಎಷ್ಟೋ ದೂರಕ್ಕೆ ಒಂದು. ಸಾಫ್ಟ್‌ವೇರ್ ನಿಜವಾಗಿ ಲೆಕ್ಕ ಹಾಕಿರುವುದು ಆ ಚುಕ್ಕೆಗಳನ್ನು ಮಾತ್ರ. ನಡುವಿನ ಗೆರೆ ಬರೀ ಜೋಡಣೆ.

(ಆಜ್ಞೆಗಳನ್ನು ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲೇ ಬರೆದಿದ್ದೇನೆ. ಸ್ಕೀಮ್ಯಾಟಿಕ್‌ನಲ್ಲಿ, ಅಂದರೆ ಸರ್ಕ್ಯೂಟಿನ ಚಿತ್ರದಲ್ಲಿ, ಹಾಕುವಾಗ ಅದೇ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿಕೊಳ್ಳಿ. ಡಾಟ್ ಎಂದಲ್ಲಿ ಬಿಂದು, ಸಮ ಎಂದಲ್ಲಿ ಸಮ ಚಿಹ್ನೆ ಹಾಕಿ.)

ಡಿಜಿಟಲ್ ಸ್ಕೋಪ್ ಸಮಾನ ಅಂತರದಲ್ಲಿ ಸ್ಯಾಂಪಲ್ ತೆಗೆಯುತ್ತದೆ. ಸ್ಪೈಸ್ ಹಾಗಲ್ಲ. 1970ರ ದಶಕದಲ್ಲಿ ಬರ್ಕ್‌ಲಿಯಲ್ಲಿ ಹುಟ್ಟಿದ ಈ ಪ್ರೋಗ್ರಾಮಿನ ಇಂದಿನ ಸಂತತಿಯೆಲ್ಲ, ಎಲ್‌ಟಿಸ್ಪೈಸ್ ಇರಲಿ ಎನ್‌ಜಿಸ್ಪೈಸ್ ಇರಲಿ, ಸಮಯದ ಹೆಜ್ಜೆಯನ್ನು ತಾನೇ ಹಿಗ್ಗಿಸಿ ಕುಗ್ಗಿಸಿಕೊಳ್ಳುತ್ತದೆ. ಪ್ರತಿ ಹೆಜ್ಜೆಯಲ್ಲೂ ತಪ್ಪು ಎಷ್ಟಾಗಿರಬಹುದು ಎಂದು ಅಂದಾಜು ಮಾಡಿ, ಹೆಚ್ಚೆನಿಸಿದರೆ ಹಿಂದಕ್ಕೆ ಬಂದು ಸಣ್ಣ ಹೆಜ್ಜೆ ಇಡುತ್ತದೆ, ಕಡಿಮೆ ಎನಿಸಿದರೆ ದಾಪುಗಾಲು ಹಾಕುತ್ತದೆ. ಲೆಕ್ಕ ಬೇಗ ಮುಗಿಯಲು ಇದು ಜಾಣ ಉಪಾಯ. ಆದರೆ ಆ ಡೇಟಾವನ್ನು ಹೊರಗೆ ತೆಗೆದು ಸರಾಸರಿ, ಆರ್‌ಎಂಎಸ್ (ವರ್ಗಗಳ ಸರಾಸರಿಯ ವರ್ಗಮೂಲ), ಎಫ್‌ಎಫ್‌ಟಿ (ಸಿಗ್ನಲ್‌ನಲ್ಲಿ ಯಾವ ಆವರ್ತನ ಎಷ್ಟಿದೆ ಎಂಬ ಲೆಕ್ಕ) ಎಂದು ಹೊರಟಾಗ ಇದನ್ನು ಮರೆತರೆ ಉತ್ತರ ತಪ್ಪುತ್ತದೆ. ಅದೂ ಸಣ್ಣಪುಟ್ಟ ತಪ್ಪಲ್ಲ.

ಒಂದು ಲೆಕ್ಕ ನೋಡೋಣ. 0 ಮತ್ತು 5 ವೋಲ್ಟ್ ನಡುವೆ ಆಡುವ ಪಲ್ಸ್, ಅವಧಿ 10 ಮೈಕ್ರೋಸೆಕೆಂಡ್, ಅದರಲ್ಲಿ 2 ಮೈಕ್ರೋಸೆಕೆಂಡ್ ಮೇಲೆ. ಸರಾಸರಿ 1 ವೋಲ್ಟ್ ಎಂದು ಬಾಯಲ್ಲೇ ಹೇಳಬಹುದು. ಈಗ ಒಂದು ಅವಧಿಯಲ್ಲಿ ಸಿಮ್ಯುಲೇಟರ್ 60 ಚುಕ್ಕೆ ಇಟ್ಟಿದೆ ಅನ್ನಿ: ಏರುವ ಅಂಚಿನಲ್ಲಿ 20, ಇಳಿಯುವ ಅಂಚಿನಲ್ಲಿ 20, ಮೇಲಿನ ಸಪಾಟಿನಲ್ಲಿ 5, ಕೆಳಗಿನದರಲ್ಲಿ 15. ಅಂಚಿನ ಚುಕ್ಕೆಗಳು ಸರಾಸರಿ 2.5 ವೋಲ್ಟ್‌ನವು. ಎಲ್ಲವನ್ನೂ ಕೂಡಿ 60ರಿಂದ ಭಾಗಿಸಿದರೆ 100 ಮತ್ತು 25 ಸೇರಿ 125, ಭಾಗಿಸು 60, ಅಂದರೆ 2.08 ವೋಲ್ಟ್. ನಿಜದ ಎರಡರಷ್ಟಕ್ಕಿಂತ ಜಾಸ್ತಿ! ಎಕ್ಸೆಲ್ ಹಾಳೆಯಲ್ಲಿ ಆವರೇಜ್ ಫಂಕ್ಷನ್ ಹಾಕಿದರೆ, ಪೈಥಾನ್‌ನಲ್ಲಿ ನಂಪೈ ಎಂಬ ಲೆಕ್ಕದ ಲೈಬ್ರರಿಯ ಮೀನ್ ಕರೆದರೆ ಆಗುವುದು ಇದೇ. ಕೆಲವು ನ್ಯಾನೋಸೆಕೆಂಡ್ ಬಾಳುವ ಅಂಚಿಗೆ ಮೈಕ್ರೋಸೆಕೆಂಡುಗಟ್ಟಲೆ ನಿಂತಿರುವ ಸಪಾಟಿಗಿಂತ ಹೆಚ್ಚು ಮತ ಸಿಕ್ಕಿಬಿಡುತ್ತದೆ.

ಸರಿಯಾದ ದಾರಿ: ಪಕ್ಕಪಕ್ಕದ ಎರಡು ಚುಕ್ಕೆಗಳ ಸರಾಸರಿ ಬೆಲೆಯನ್ನು ಅವುಗಳ ನಡುವಿನ ಸಮಯದಿಂದ ಗುಣಿಸಿ, ಎಲ್ಲವನ್ನೂ ಕೂಡಿ, ಒಟ್ಟು ಸಮಯದಿಂದ ಭಾಗಿಸಬೇಕು. ಟ್ರೆಪಿಜಾಯ್ಡಲ್ ನಿಯಮ ಅಷ್ಟೇ. ನಂಪೈಯಲ್ಲಿ ಇದು ಟ್ರ್ಯಾಪ್‌ಝಡ್ ಎಂದಿತ್ತು, 2.0 ಆವೃತ್ತಿಯಿಂದ ಟ್ರ್ಯಾಪಿಜಾಯ್ಡ್ ಎಂದಾಗಿದೆ. ವೋಲ್ಟೇಜ್ ಮೊದಲು, ಸಮಯದ ಕಾಲಂ ಎರಡನೆಯದಾಗಿ ಕೊಡಿ. ಸಮಯ ಕೊಡದಿದ್ದರೆ ಅದು ಅಂತರವನ್ನು 1 ಎಂದುಕೊಂಡು ಸದ್ದಿಲ್ಲದೆ ತಪ್ಪು ಉತ್ತರ ಕೊಡುತ್ತದೆ. ಆರ್‌ಎಂಎಸ್‌ಗೂ ಹೀಗೇ: ವರ್ಗ ಮಾಡಿ, ಇಂಟಿಗ್ರೇಟ್ ಮಾಡಿ, ಅವಧಿಯಿಂದ ಭಾಗಿಸಿ, ಆಮೇಲೆ ವರ್ಗಮೂಲ.

ಇನ್ನೊಂದು ಎಡವಟ್ಟು ಕಿಟಕಿಯದ್ದು, ಅಂದರೆ ಅಳತೆಗೆ ಆಯ್ದುಕೊಳ್ಳುವ ಸಮಯದ ತುಂಡಿನದ್ದು. ಪೂರ್ಣ ಅವಧಿಗಳನ್ನಷ್ಟೇ ಆರಿಸಿಕೊಳ್ಳಬೇಕು. ಮೇಲಿನ ಪಲ್ಸನ್ನೇ ಏರುವ ಅಂಚಿನಿಂದ 105 ಮೈಕ್ರೋಸೆಕೆಂಡ್ ತೆಗೆದುಕೊಂಡರೆ 10 ಅವಧಿ ಹೋಗಿ ಅರ್ಧ ಉಳಿಯುತ್ತದೆ. ಆ ಅರ್ಧದಲ್ಲಿ ಇಡೀ 2 ಮೈಕ್ರೋಸೆಕೆಂಡಿನ ಪಲ್ಸ್ ಬಂದು ಕೂರುತ್ತದೆ, ಸರಾಸರಿ 1.048 ವೋಲ್ಟ್ ಆಗುತ್ತದೆ. ಕನ್ವರ್ಟರಿನ ಎಫಿಶಿಯೆನ್ಸಿ ಲೆಕ್ಕದಲ್ಲಿ ಶೇ. 4.8 ಆಚೀಚೆಯಾದರೆ ಶೇ. 92 ಎಂಬುದು 96 ಆಗಿ ಕಾಣುತ್ತದೆ, ಯಾರಿಗೂ ಅನುಮಾನವೂ ಬರುವುದಿಲ್ಲ. ಕೆಲವೊಮ್ಮೆ ಶೇ. 100 ದಾಟುತ್ತದೆ. ಅದು ಒಳ್ಳೆಯದೇ, ಆಗಲಾದರೂ ಹುಡುಕಲು ಹೊರಡುತ್ತೇವೆ.

ಸಾಫ್ಟ್‌ವೇರ್ ಒಳಗೇ ಅಳೆಯುವುದು

ಎಲ್‌ಟಿಸ್ಪೈಸ್‌ನಲ್ಲಿ ಟ್ರೇಸ್‌ನ ಹೆಸರಿನ ಮೇಲೆ ಕಂಟ್ರೋಲ್ ಹಿಡಿದು ಕ್ಲಿಕ್ ಮಾಡಿದರೆ ಸರಾಸರಿ, ಆರ್‌ಎಂಎಸ್ ಬರುತ್ತದೆ. ಸಮಯದ ತೂಕ ಹಾಕಿಯೇ ಲೆಕ್ಕ ಮಾಡುತ್ತದೆ, ಆ ಚಿಂತೆ ಇಲ್ಲ. ಆದರೆ ಅದು ನೋಡುವುದು ಆಗ ಪರದೆಯ ಮೇಲೆ ಕಾಣುತ್ತಿರುವ ಭಾಗವನ್ನು ಮಾತ್ರ. ಝೂಮ್ ಬದಲಾದರೆ ಉತ್ತರವೂ ಬದಲು. ಮೌಸಿನಲ್ಲಿ ಕಣ್ಣಳತೆಗೆ ಆಯ್ದ ಕಿಟಕಿಯ ಸರಾಸರಿಯನ್ನು ವರದಿಗೆ ಹಾಕಬೇಡಿ. ಥಟ್ಟನೆ ಅಂದಾಜು ನೋಡಲು ಮಾತ್ರ ಅದು ಸರಿ.

ವರದಿಗೆ ಬೇಕಾದ್ದು ಡಾಟ್ ಮೆಶರ್ ಸಾಲು, ಅಂದರೆ ಡಾಟ್ ಮೀಸ್. ಅದರಲ್ಲಿ ಎವಿಜಿ, ಆರ್‌ಎಂಎಸ್, ಪಿಪಿ, ಮ್ಯಾಕ್ಸ್, ಮಿನ್, ಇಂಟೆಗ್ ಇವೆ. ಫ್ರಮ್ ಮತ್ತು ಟು ಕೊಟ್ಟು ಕಿಟಕಿಯನ್ನು ಅಂಕಿಯಲ್ಲೇ ಕಟ್ಟಬಹುದು. ನಾಳೆ ಕೆಪಾಸಿಟರ್ ಬದಲಿಸಿ ಮತ್ತೆ ಓಡಿಸಿದರೂ ಅಳತೆ ಅದೇ ಜಾಗದಲ್ಲಿ ನಡೆಯುತ್ತದೆ. ಉತ್ತರ ಎರರ್ ಲಾಗ್‌ನಲ್ಲಿ ಸಿಗುತ್ತದೆ, ಕಂಟ್ರೋಲ್ ಎಲ್ ಒತ್ತಿ. 'ಎರರ್' ಎಂಬ ಹೆಸರು ನೋಡಿ ಆ ಫೈಲನ್ನು ತೆರೆಯದೆ ಬಿಡುವವರು ಬಹಳ.

ರೈಸ್ ಟೈಮಿಗೆ, ಅಂದರೆ ಸಿಗ್ನಲ್ ಶೇ. 10ರಿಂದ 90ಕ್ಕೆ ಏರಲು ಹಿಡಿಯುವ ಸಮಯಕ್ಕೆ, ಟ್ರಿಗ್ (ಅಳತೆಯ ಶುರು) ಮತ್ತು ಟಾರ್ಗ್ (ಅಳತೆಯ ಕೊನೆ). 5 ವೋಲ್ಟಿನ ಸಿಗ್ನಲ್ ಆದರೆ ಶೇ. 10 ಮತ್ತು 90ಕ್ಕೆ 0.5 ಮತ್ತು 4.5 ವೋಲ್ಟ್. ಎಲ್‌ಟಿಸ್ಪೈಸ್‌ನಲ್ಲಿ ಟ್ರಿಗ್ ಆದ ಮೇಲೆ ನೋಡ್‌ನ ವೋಲ್ಟೇಜ್ ಸಮ 0.5, ರೈಸ್ ಸಮ 1 ಎಂದು ಬರೆಯುತ್ತೇವೆ. ಎನ್‌ಜಿಸ್ಪೈಸ್‌ನಲ್ಲಿ ಆ ಬೆಲೆಯನ್ನು ವ್ಯಾಲ್ ಸಮ 0.5 ಎಂದು ಬೇರೆಯಾಗಿ ಕೊಡಬೇಕು. ಒಂದರ ಸಾಲನ್ನು ಇನ್ನೊಂದಕ್ಕೆ ನಕಲು ಮಾಡಿದರೆ ಕೆಲಸ ಕೆಡುವುದು ಇಲ್ಲೇ. ಇನ್ನು ರೈಸ್ ಸಮ 1 ಎಂದರೆ ಮೊಟ್ಟಮೊದಲ ಏರಿಕೆ: ಸಪ್ಲೈ ಏಳುವಾಗ ಔಟ್‌ಪುಟ್ ಒಮ್ಮೆ ಮಿಸುಕಿದ್ದರೂ ಅದನ್ನೇ ಹಿಡಿದುಕೊಳ್ಳುತ್ತದೆ. ಟಿಡಿ (ಇಷ್ಟು ಸಮಯ ಬಿಟ್ಟು ಹುಡುಕು ಎನ್ನುವ ಸಂಖ್ಯೆ) ಕೊಟ್ಟು ಆರಂಭದ ಗಲಾಟೆಯನ್ನು ದಾಟಿಸಿ, ಇಲ್ಲವೇ ರೈಸ್ ಸಮ ಲಾಸ್ಟ್ ಎನ್ನಿ.

ಡಾಟ್ ಸ್ಟೆಪ್ ಹಾಕಿ ರೆಸಿಸ್ಟರನ್ನು 10 ಬೆಲೆಗಳಲ್ಲಿ ಓಡಿಸಿದಾಗ ಮೆಶರ್ ಸಾಲಿನ ನಿಜವಾದ ಬೆಲೆ ಗೊತ್ತಾಗುತ್ತದೆ. ಹತ್ತು ಗೆರೆ ಒಂದರ ಮೇಲೊಂದು ಬಿದ್ದ ಗ್ರಾಫಿನಿಂದ ಏನೂ ತಿಳಿಯುವುದಿಲ್ಲ. ಎರರ್ ಲಾಗ್ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಟೆಪ್ ಆದ ಮೆಶರ್ ಡೇಟಾ ಪ್ಲಾಟ್ ಮಾಡುವ ಆಯ್ಕೆ ಒತ್ತಿದರೆ, ರೆಸಿಸ್ಟರ್ ಅಡ್ಡಕ್ಕೆ, ಅಳತೆ ಉದ್ದಕ್ಕೆ, ಒಂದೇ ಗೆರೆ.

ಕರೆಂಟಿನ ದಿಕ್ಕಿನ ವಿಷಯ ಚುಟುಕಾಗಿ. ವೋಲ್ಟೇಜ್ ಸೋರ್ಸಿನ ಕರೆಂಟ್ ಪ್ಲಸ್ ತುದಿಯಿಂದ ಒಳಗೆ ಹೋದರೆ ಧನ. ಹಾಗಾಗಿ ಲೋಡಿಗೆ ಶಕ್ತಿ ಕೊಡುತ್ತಿರುವ ಸಪ್ಲೈನ ಕರೆಂಟ್ ಋಣವಾಗಿ ಕಾಣುವುದು ಸರಿಯೇ, ಗಾಬರಿ ಬೇಡ. ರೆಸಿಸ್ಟರಿನ ಕರೆಂಟ್ ತಲೆಕೆಳಗಾಗಿ ಬಂದರೆ ಅದನ್ನು ಎರಡು ಸಲ ತಿರುಗಿಸಿ ಇಟ್ಟರೆ ಆಯಿತು. ಪವರಿಗೆ ಆಲ್ಟ್ ಹಿಡಿದು ಕಾಂಪೊನೆಂಟ್ ಮೇಲೆ ಕ್ಲಿಕ್: ವೋಲ್ಟೇಜನ್ನು ಕರೆಂಟಿನಿಂದ ಕ್ಷಣಕ್ಷಣಕ್ಕೂ ಗುಣಿಸಿದ ಗೆರೆ ಬರುತ್ತದೆ, ಅದರ ಸರಾಸರಿ ತೆಗೆಯಬೇಕು. ವೋಲ್ಟೇಜ್ ಸರಾಸರಿಯನ್ನೂ ಕರೆಂಟ್ ಸರಾಸರಿಯನ್ನೂ ಬೇರೆ ಬೇರೆ ತೆಗೆದು ಗುಣಿಸಿದರೆ ಸ್ವಿಚ್ ಆಗುವ ಸರ್ಕ್ಯೂಟಿನಲ್ಲಿ ಅದು ಪವರ್ ಅಲ್ಲವೇ ಅಲ್ಲ.

ಕಂಪ್ರೆಶನ್

ಎಲ್‌ಟಿಸ್ಪೈಸ್ ಇನ್ನೊಂದು ಕೆಲಸ ಮಾಡುತ್ತದೆ. ಫೈಲ್ ಚಿಕ್ಕದಾಗಲಿ ಎಂದು, ಲೆಕ್ಕ ಹಾಕಿದ ಚುಕ್ಕೆಗಳಲ್ಲಿ ಕೆಲವನ್ನು ಬಿಸಾಡಿ, ಸರಳರೇಖೆ ಸಾಕಾಗುವಲ್ಲಿ ಎರಡು ತುದಿ ಮಾತ್ರ ಇಟ್ಟುಕೊಳ್ಳುತ್ತದೆ. ಇದಕ್ಕಿರುವ ರಿಲೇಟಿವ್ ಟಾಲರೆನ್ಸ್ 0.0025, ಅಂದರೆ ಶೇ. 0.25, ಡೆಸಿಬೆಲ್‌ನಲ್ಲಿ ಸುಮಾರು −52. ಕಣ್ಣಿಗೆ ಇದು ಎಂದೂ ಕಾಣುವುದಿಲ್ಲ. ಆದರೆ −90 ಡೆಸಿಬೆಲ್‌ನ ಹಾರ್ಮೋನಿಕ್ (ಮೂಲ ಆವರ್ತನದ ಎರಡರಷ್ಟು, ಮೂರರಷ್ಟು ಆವರ್ತನದಲ್ಲಿ ಬರುವ ಅಂಶ) ಹುಡುಕಲು ಹೊರಟವರ ಎಫ್‌ಎಫ್‌ಟಿಯಲ್ಲಿ ಈ ಮುರುಕು ಗೆರೆಗಳು ಹುಲ್ಲಿನಂತೆ ಎದ್ದು ನಿಲ್ಲುತ್ತವೆ. ಸರ್ಕ್ಯೂಟಿನ ಡಿಸ್ಟಾರ್ಶನ್ ಎಂದುಕೊಂಡು ಟ್ರಾನ್ಸಿಸ್ಟರ್ ಬಯಾಸ್ ತಿದ್ದುತ್ತಾ ಕೂತರೆ ಅದು ಒಂದು ಡೆಸಿಬೆಲ್ ಕೂಡ ಕದಲುವುದಿಲ್ಲ.

ಸ್ಕೀಮ್ಯಾಟಿಕ್ ಮೇಲೆ ಡಾಟ್ ಆಪ್ಶನ್ಸ್ ಪ್ಲಾಟ್‌ವಿನ್‌ಸೈಜ್ ಸಮ 0 ಎಂದು ಬರೆದರೆ ಕಂಪ್ರೆಶನ್ ನಿಲ್ಲುತ್ತದೆ. ಸೆಟ್ಟಿಂಗ್ಸ್ ವಿಂಡೋದಲ್ಲಿ ಬದಲಿಸುವುದಕ್ಕಿಂತ ಸ್ಕೀಮ್ಯಾಟಿಕ್ ಮೇಲೆ ಬರೆಯುವುದೇ ಲೇಸು. ಫೈಲ್ ಬೇರೆಯವರಿಗೆ ಕಳಿಸಿದರೂ ಜೊತೆಗೇ ಹೋಗುತ್ತದೆ. ಅದರ ಪಕ್ಕದಲ್ಲೇ ನಮ್‌ಡಿಜಿಟ್, ಅಂದರೆ ನಮ್‌ಡಿಜಿಟಿ, ಸಮ 15 ಎಂದೂ ಸೇರಿಸಿ. 6ಕ್ಕಿಂತ ಹೆಚ್ಚು ಕೊಟ್ಟರೆ ಡೇಟಾ ಡಬಲ್ ಪ್ರಿಸಿಶನ್‌ನಲ್ಲಿ ಉಳಿಯುತ್ತದೆ.

ಕಂಪ್ರೆಶನ್ ಇದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಡಿ ಫಂಕ್ಷನ್ನಿನಿಂದ ಸೈನ್ ವೇವಿನ ಡೆರಿವೇಟಿವ್ ಪ್ಲಾಟ್ ಮಾಡಿ. ಸರಳರೇಖೆಯ ತುಂಡುಗಳಿಗೆ ಇಳಿಜಾರು ಒಂದೇ ಆದ್ದರಿಂದ ನುಣುಪಾದ ಕೊಸೈನ್ ಬದಲು ಮೆಟ್ಟಿಲು ಕಾಣುತ್ತದೆ. ಅಂದ ಹಾಗೆ, ಕೆಪಾಸಿಟರಿನ ಕರೆಂಟನ್ನು ವೋಲ್ಟೇಜಿನ ಡೆರಿವೇಟಿವ್‌ನಿಂದ ಪಡೆಯುವ ಪಾಂಡಿತ್ಯ ಬೇಡ. ಸಾಫ್ಟ್‌ವೇರ್ ಆ ಕರೆಂಟನ್ನು ಈಗಾಗಲೇ ಲೆಕ್ಕ ಹಾಕಿ ಇಟ್ಟಿದೆ, ಅದನ್ನೇ ಪ್ಲಾಟ್ ಮಾಡಿ.

ಎಫ್‌ಎಫ್‌ಟಿ

ಎಫ್‌ಎಫ್‌ಟಿಗೆ ಸಮಾನ ಅಂತರದ ಚುಕ್ಕೆಗಳೇ ಬೇಕು. ಆದ್ದರಿಂದ ಸಾಫ್ಟ್‌ವೇರ್ ಮೊದಲು ಅಸಮ ಚುಕ್ಕೆಗಳ ನಡುವೆ ಇಂಟರ್‌ಪೊಲೇಟ್ ಮಾಡಿ ಹೊಸ ಚುಕ್ಕೆ ಹುಟ್ಟಿಸುತ್ತದೆ. ನೇರ ಗೆರೆಯ ಇಂಟರ್‌ಪೊಲೇಶನ್ ಆದರೆ ಸೈನ್ ವೇವಿನ ಮೇಲೆ ಆಗುವ ಗರಿಷ್ಠ ತಪ್ಪಿಗೆ ಸುಲಭದ ಸೂತ್ರವಿದೆ: ಕೋನ ಆವರ್ತನವನ್ನು ಹೆಜ್ಜೆಯಿಂದ ಗುಣಿಸಿ, ವರ್ಗ ಮಾಡಿ, 8ರಿಂದ ಭಾಗಿಸಿ. 1 ಕಿಲೋಹರ್ಟ್ಸ್‌ಗೆ 10 ಮೈಕ್ರೋಸೆಕೆಂಡಿನ ಹೆಜ್ಜೆ ಎಂದರೆ ಗುಣಲಬ್ಧ 0.0628, ತಪ್ಪು ಸುಮಾರು 0.0005, ಅಂದರೆ −66 ಡೆಸಿಬೆಲ್. ಹೆಜ್ಜೆ 1 ಮೈಕ್ರೋಸೆಕೆಂಡ್ ಆದರೆ −106. 0.1 ಆದರೆ −146. ಹೆಜ್ಜೆಯನ್ನು ಹತ್ತರಲ್ಲೊಂದು ಮಾಡಿದಂತೆಲ್ಲ 40 ಡೆಸಿಬೆಲ್ ಲಾಭ. ನಿಮ್ಮ ಆಂಪ್ಲಿಫೈಯರಿನ ಡಿಸ್ಟಾರ್ಶನ್ ಶೇ. 0.001 ಇದೆ ಎಂದಾದರೆ ಅದು −100 ಡೆಸಿಬೆಲ್. 10 ಮೈಕ್ರೋಸೆಕೆಂಡಿನ ಹೆಜ್ಜೆಯಲ್ಲಿ ಅದನ್ನು ಹುಡುಕುವುದು ಕತ್ತಲೆ ಕೋಣೆಯಲ್ಲಿ ಕಪ್ಪು ಬೆಕ್ಕು ಹುಡುಕಿದ ಹಾಗೆ.

ಹಾಗಾದರೆ 1 ಕಿಲೋಹರ್ಟ್ಸ್ ಸೈನ್‌ಗೆ, ಎಷ್ಟು ಸಮಯ ಓಡಿಸಬೇಕೆಂದು ಹೇಳುವ ಡಾಟ್ ಟ್ರಾನ್ ಸಾಲು ಹೀಗಿರಲಿ: ಮೊದಲ ಸಂಖ್ಯೆ 0, ಕೊನೆಗೊಳ್ಳುವ ಸಮಯ 30 ಮಿಲಿಸೆಕೆಂಡ್, ಉಳಿಸಲು ಶುರುವಾಗುವ ಸಮಯ 20 ಮಿಲಿಸೆಕೆಂಡ್, ಗರಿಷ್ಠ ಹೆಜ್ಜೆ 0.1 ಮೈಕ್ರೋಸೆಕೆಂಡ್. ಕಪ್ಲಿಂಗ್ ಕೆಪಾಸಿಟರುಗಳು ಚಾರ್ಜ್ ಆಗಿ ನೆಲೆಗೊಳ್ಳಲು ಮೊದಲ 20 ಮಿಲಿಸೆಕೆಂಡ್. ನಿಮ್ಮ ಸರ್ಕ್ಯೂಟಿನ ಟೈಮ್ ಕಾನ್‌ಸ್ಟಂಟ್ ದೊಡ್ಡದಿದ್ದರೆ ಇನ್ನೂ ಹೆಚ್ಚು ಬಿಡಿ. ಉಳಿದ 10 ಮಿಲಿಸೆಕೆಂಡಿನಲ್ಲಿ ಸರಿಯಾಗಿ 10 ಆವೃತ್ತಿ, ಅಂದರೆ ಸೈನ್‌ನ 10 ಪೂರ್ಣ ಸುತ್ತು. ಇದರಿಂದ ಸಿಗುವ ರೆಸೊಲ್ಯೂಶನ್ 100 ಹರ್ಟ್ಸ್. ಎಫ್‌ಎಫ್‌ಟಿಗೆ 65536 ಚುಕ್ಕೆ ಕೇಳಿದರೆ ಅವುಗಳ ಅಂತರ ಸುಮಾರು 153 ನ್ಯಾನೋಸೆಕೆಂಡ್. ಗರಿಷ್ಠ ಹೆಜ್ಜೆ ಅದಕ್ಕಿಂತ ಚಿಕ್ಕದಿದೆ, ಒಳ್ಳೆಯದು. ಉಲ್ಟಾ ಇದ್ದರೆ ಎಫ್‌ಎಫ್‌ಟಿಗೆ ಲಕ್ಷಗಟ್ಟಲೆ ಚುಕ್ಕೆ ಕೇಳಿ ಏನು ಪ್ರಯೋಜನ, ಹೊಸ ಮಾಹಿತಿ ಎಲ್ಲಿಂದಲೂ ಬರುವುದಿಲ್ಲ. ಇದರ ಜೊತೆಗೆ ರೆಲ್‌ಟಾಲ್ (ಲೆಕ್ಕದಲ್ಲಿ ಒಪ್ಪುವ ಸಾಪೇಕ್ಷ ತಪ್ಪು) ಅನ್ನು ಡೀಫಾಲ್ಟ್ 0.001ರಿಂದ 1ಇ-6ಕ್ಕೆ ಇಳಿಸಿ. ಇಲ್ಲದಿದ್ದರೆ ಲೆಕ್ಕದ ತಪ್ಪೇ ಹಾರ್ಮೋನಿಕ್ ವೇಷ ಹಾಕಿಕೊಂಡು ಬರುತ್ತದೆ.

ವಿಂಡೋ ಫಂಕ್ಷನ್ (ಎಫ್‌ಎಫ್‌ಟಿಗೆ ಮುಂಚೆ ಡೇಟಾದ ಎರಡು ತುದಿಗಳನ್ನು ಮೆಲ್ಲಗೆ ತಗ್ಗಿಸುವ ತೂಕ) ಬಗ್ಗೆ ನನ್ನ ಅಭಿಪ್ರಾಯ ಕಡ್ಡಿ ಮುರಿದಂತೆ: ಸಿಮ್ಯುಲೇಶನ್‌ನಲ್ಲಿ ಆವರ್ತನವೂ ನಿಮ್ಮ ಕೈಯಲ್ಲಿ, ಸಮಯವೂ ನಿಮ್ಮ ಕೈಯಲ್ಲಿ. ಪೂರ್ಣ ಆವೃತ್ತಿಗಳನ್ನು ಕೂರಿಸಿದರೆ ವಿಂಡೋ ಬೇಕಾಗಿಯೇ ಇಲ್ಲ. ಸ್ಕೋಪ್ ಹಿಡಿದು ಕೂತವರಿಗೆ ಆ ಭಾಗ್ಯವಿಲ್ಲ, ಹಾಗಾಗಿ ಅವರು ಹ್ಯಾನ್, ಬ್ಲ್ಯಾಕ್‌ಮನ್ ಎನ್ನುತ್ತಾರೆ. 10ರ ಬದಲು 10.5 ಆವೃತ್ತಿ ಸಿಕ್ಕಿಕೊಂಡು, ವಿಂಡೋ ಇಲ್ಲದಿದ್ದರೆ 1 ವೋಲ್ಟಿನ ಸೈನ್ 0.637 ವೋಲ್ಟ್ ಎಂದು ಕಾಣುತ್ತದೆ, 3.9 ಡೆಸಿಬೆಲ್ ನಷ್ಟ. ಅದರ ಬುಡ ಅಕ್ಕಪಕ್ಕಕ್ಕೆ ಹರಡಿ ಹಾರ್ಮೋನಿಕ್‌ಗಳನ್ನು ಮುಳುಗಿಸುತ್ತದೆ. ಹ್ಯಾನ್ ಹಾಕಿದರೆ ನಷ್ಟ 1.4 ಡೆಸಿಬೆಲ್‌ಗೆ ಇಳಿಯುತ್ತದೆ, ಬುಡವೂ ಬೇಗ ಇಳಿಯುತ್ತದೆ, ಆದರೆ ಶಿಖರ ಅಗಲವಾಗುತ್ತದೆ. ಎತ್ತರವಷ್ಟೇ ಮುಖ್ಯ ಎಂದಾದರೆ ಫ್ಲಾಟ್ ಟಾಪ್. ಸಿಮ್ಯುಲೇಶನ್‌ನಲ್ಲಿ ವಿಂಡೋ ನಿಜವಾಗಿ ಬೇಕಾಗುವುದು ತನ್ನಷ್ಟಕ್ಕೇ ಓಡುವ ಆಸಿಲೇಟರಿಗೆ. ಅದರ ಆವರ್ತನ ಮೊದಲೇ ಗೊತ್ತಿರುವುದಿಲ್ಲ.

ಎಲ್‌ಟಿಸ್ಪೈಸ್ ಎಫ್‌ಎಫ್‌ಟಿಯಲ್ಲಿ 1 ವೋಲ್ಟ್ ಪೀಕ್‌ನ ಸೈನ್ −3 ಡೆಸಿಬೆಲ್ ಎಂದು ಬಂದರೆ ಹುಬ್ಬೇರಿಸಬೇಡಿ. ಅದು ಆರ್‌ಎಂಎಸ್ ಬೆಲೆ, 0.707 ವೋಲ್ಟ್. ನಿಮ್ಮ ಸೆಟಪ್ ಸರಿಯಿದೆಯೇ ಎಂದು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ: ಸರ್ಕ್ಯೂಟ್ ಬಿಟ್ಟು ಸೋರ್ಸಿನದೇ ಎಫ್‌ಎಫ್‌ಟಿ ತೆಗೆಯಿರಿ. ಶಿಖರ −3.01ರಲ್ಲಿ ನಿಂತು, ನೆಲ ನಿಮ್ಮ ಹುಡುಕಾಟದ ಮಟ್ಟಕ್ಕಿಂತ ಕನಿಷ್ಠ 20 ಡೆಸಿಬೆಲ್ ಕೆಳಗಿದ್ದರೆ ಮುಂದುವರಿಯಿರಿ.

ಟಿಎಚ್‌ಡಿ (ಹಾರ್ಮೋನಿಕ್‌ಗಳೆಲ್ಲ ಸೇರಿದ ಒಟ್ಟು ಡಿಸ್ಟಾರ್ಶನ್) ಒಂದೇ ಬೇಕಿದ್ದರೆ ಡಾಟ್ ಫೋರ್ ಸಾಲು ಸಾಕು. ಸುಮ್ಮನೆ ಬಿಟ್ಟರೆ 9 ಹಾರ್ಮೋನಿಕ್‌ವರೆಗೆ, ಕೊನೆಯ ಒಂದು ಆವೃತ್ತಿಯ ಮೇಲೆ ಲೆಕ್ಕ ಹಾಕುತ್ತದೆ. ಕ್ರಾಸ್‌ಓವರ್ ಡಿಸ್ಟಾರ್ಶನ್ ಇರುವಲ್ಲಿ 9ರ ಮೇಲೂ ಸರಕು ಇರುತ್ತದೆ. ಸಂಖ್ಯೆಯನ್ನು 20ಕ್ಕೆ ಏರಿಸಿ ನೋಡಿ.

ಎನ್‌ಜಿಸ್ಪೈಸ್‌ನಲ್ಲಿ ಈ ಇಂಟರ್‌ಪೊಲೇಶನ್ ತಾನಾಗಿ ಆಗುವುದಿಲ್ಲ. ಎಫ್‌ಎಫ್‌ಟಿ ಆಜ್ಞೆಗೆ ಮುಂಚೆ ಲೀನಿಯರೈಜ್ ಎಂಬ ಆಜ್ಞೆ ಕೊಡಬೇಕು. ಅದು ಬಳಸುವ ಅಂತರ ಟ್ರಾನ್ ಸಾಲಿನ ಮೊದಲ ಸಂಖ್ಯೆ. ಎಲ್‌ಟಿಸ್ಪೈಸ್ ರೂಢಿಯಂತೆ ಇಲ್ಲಿ 0 ಬರೆಯುವ ಹಾಗಿಲ್ಲ. ಸ್ಪೆಕ್‌ವಿಂಡೋ ಎಂಬ ವೇರಿಯೆಬಲ್‌ನಲ್ಲಿ ವಿಂಡೋ ಯಾವುದು, ಅಥವಾ ನನ್ ಎಂದು ಮೊದಲೇ ಹೇಳಿಬಿಡಿ.

ಗೆರೆ ನಡುಗುವುದು

ಸ್ವಿಚ್ ಆಫ್ ಆದ ಕೂಡಲೇ ಇಂಡಕ್ಟರಿನ ಕರೆಂಟ್ ಅಥವಾ ವೋಲ್ಟೇಜ್ ಗರಗಸದ ಹಲ್ಲಿನಂತೆ ನಡುಗುವುದನ್ನು ನೋಡಿರುತ್ತೀರಿ. ಅದು ನಿಜವಾದ ರಿಂಗಿಂಗ್ ಆಗಿರಬಹುದು, ಟ್ರೆಪಿಜಾಯ್ಡಲ್ ಇಂಟಿಗ್ರೇಶನ್‌ನ ಚೇಷ್ಟೆಯೂ ಆಗಿರಬಹುದು. ಮತ್ತೆ ಚುಕ್ಕೆಗಳನ್ನು ಆನ್ ಮಾಡಿ. ಒಂದು ಚುಕ್ಕೆ ಮೇಲೆ, ಮುಂದಿನದು ಕೆಳಗೆ, ಅದರ ಮುಂದಿನದು ಮತ್ತೆ ಮೇಲೆ ಎಂದಿದ್ದರೆ ಅದು ಲೆಕ್ಕದ ನಡುಕ. ನಿಜವಾದ ರಿಂಗಿಂಗ್‌ನಲ್ಲಿ ಒಂದೊಂದು ಅಲೆಗೂ ಹಲವು ಚುಕ್ಕೆ ಇರುತ್ತವೆ. ಇನ್ನೂ ಅನುಮಾನವೇ? ಗರಿಷ್ಠ ಹೆಜ್ಜೆಯನ್ನು ಅರ್ಧ ಮಾಡಿ ಓಡಿಸಿ. ನಡುಕದ ಆವರ್ತನವೂ ಹೆಜ್ಜೆಯ ಜೊತೆಗೇ ಬದಲಾದರೆ ಸರ್ಕ್ಯೂಟ್ ನಿರಪರಾಧಿ.

ಮೆಥಡ್ ಸಮ ಗಿಯರ್ ಎಂದು ಕೊಟ್ಟು ಇಂಟಿಗ್ರೇಶನ್‌ನ ವಿಧಾನ ಬದಲಿಸಿದರೆ ಈ ನಡುಕ ಮಾಯ. ಆದರೆ ಗಿಯರ್ ನಿಜವಾದ ಆಂದೋಲನವನ್ನೂ ತಣಿಸುತ್ತದೆ: ರೆಸಿಸ್ಟರೇ ಇಲ್ಲದ ಎಲ್‌ಸಿ ಸರ್ಕ್ಯೂಟಿನ ಅಲೆ ಕೂಡ ಮೆಲ್ಲಗೆ ಕರಗುತ್ತದೆ. ಆಸಿಲೇಟರ್ ಶುರುವಾಗುತ್ತದೆಯೇ ಎಂದು ನೋಡುವಾಗ, ರಿಂಗಿಂಗ್ ತಣಿಸುವ ಸ್ನಬ್ಬರ್ ಡಿಸೈನ್ ಮಾಡುವಾಗ ಗಿಯರ್ ಮುಟ್ಟಬೇಡಿ. ನಡುಕ ತಪ್ಪಿಸಲು ಇಂಡಕ್ಟರಿಗೆ ವಾಸ್ತವದ ಪ್ಯಾರಲಲ್ ರೆಸಿಸ್ಟೆನ್ಸ್ ಮತ್ತು ಸ್ವಿಚ್ ನೋಡಿಗೆ ಕೆಲವು ಪಿಕೋಫ್ಯಾರಡ್ ಕೊಡುವುದು ಹೆಚ್ಚು ಪ್ರಾಮಾಣಿಕ ದಾರಿ. ಪಲ್ಸ್ ಸೋರ್ಸಿನ ರೈಸ್, ಫಾಲ್ ಸಮಯಗಳನ್ನೂ 0 ಎಂದು ಬಿಡಬೇಡಿ. 0 ಕಂಡರೆ ಸಾಫ್ಟ್‌ವೇರ್ ತನಗೆ ತೋಚಿದ ಬೆಲೆ ಹಾಕಿಕೊಳ್ಳುತ್ತದೆ. ಎನ್‌ಜಿಸ್ಪೈಸ್ ಟ್ರಾನ್ ಸಾಲಿನ ಮೊದಲ ಸಂಖ್ಯೆಯನ್ನೇ ಎತ್ತಿಕೊಳ್ಳುತ್ತದೆ. 10 ನ್ಯಾನೋಸೆಕೆಂಡ್ ಎಂದು ನೀವೇ ಬರೆದುಬಿಡಿ.

ಒಂದೊಂದು ಆವರ್ತನಕ್ಕೂ ಗೇನ್ ಎಷ್ಟೆಂದು ನೋಡುವ ಎಸಿ ಅನಾಲಿಸಿಸ್‌ನಲ್ಲಿ ಹೆಜ್ಜೆಯ ತಂಟೆ ಇಲ್ಲ, ಆದ್ದರಿಂದ ಎರಡೇ ಮಾತು. 1 ಎಂ ಎಂದರೆ ಸ್ಪೈಸ್‌ಗೆ ಮಿಲಿ. ದೊಡ್ಡಕ್ಷರವೋ ಚಿಕ್ಕಕ್ಷರವೋ ಅದಕ್ಕೆ ಲೆಕ್ಕವಿಲ್ಲ. ಮೆಗಾ ಬೇಕಿದ್ದರೆ ಮೆಗ್ ಎಂದೇ ಬರೆಯಬೇಕು. ಮತ್ತೆ, ಎಸಿ 1 ಕೊಟ್ಟು ಔಟ್‌ಪುಟ್ 1000 ವೋಲ್ಟ್ ಬಂದರೆ ಅದು ಗೇನ್ ಅಷ್ಟೇ. ಅಲ್ಲಿ ಸಪ್ಲೈ ಮಿತಿ, ಕ್ಲಿಪ್ಪಿಂಗ್ ಯಾವುದೂ ಲೆಕ್ಕಕ್ಕಿಲ್ಲ.

ಹೊರಗೆ ತೆಗೆಯುವುದು

ಫೈಲಿನ ಗಾತ್ರ ಮೊದಲೇ ಲೆಕ್ಕ ಹಾಕಿಕೊಳ್ಳಿ. 10 ಮಿಲಿಸೆಕೆಂಡಿಗೆ 0.1 ಮೈಕ್ರೋಸೆಕೆಂಡ್ ಹೆಜ್ಜೆ ಎಂದರೆ 1,00,000 ಚುಕ್ಕೆ. 50 ಟ್ರೇಸ್, ಒಂದೊಂದಕ್ಕೆ 8 ಬೈಟ್ ಎಂದರೆ 40 ಎಂಬಿ. 20 ಸ್ಟೆಪ್ ಹಾಕಿದರೆ 800 ಎಂಬಿ. ಡಾಟ್ ಸೇವ್ ಸಾಲಿನಲ್ಲಿ ಬೇಕಾದ ಎರಡು ಮೂರು ನೋಡ್ ಮಾತ್ರ ಹೆಸರಿಸಿದರೆ ಇದು ಕೆಲವೇ ಹತ್ತು ಎಂಬಿಗೆ ಇಳಿಯುತ್ತದೆ.

ಎಲ್‌ಟಿಸ್ಪೈಸ್‌ನಿಂದ ಟೆಕ್ಸ್ಟ್ ಆಗಿ ಎಕ್ಸ್‌ಪೋರ್ಟ್ ಮಾಡಿದಾಗ ಸ್ಟೆಪ್ ಇರುವ ಫೈಲಿನಲ್ಲಿ ಪ್ರತಿ ಓಟದ ತಲೆಗೂ 'ಸ್ಟೆಪ್ ಇನ್‌ಫರ್ಮೇಶನ್' ಎಂಬ ಸಾಲು ನುಸುಳಿರುತ್ತದೆ. ಪೈಥಾನಿನ ಲೋಡ್‌ಟೆಕ್ಸ್ಟ್ ಅಲ್ಲಿ ಮುಗ್ಗರಿಸುತ್ತದೆ. ಆ ಸಾಲಿನಲ್ಲೇ ಫೈಲನ್ನು ತುಂಡು ಮಾಡಿ ಓದಿ. ಎಸಿ ಡೇಟಾ ಡೆಸಿಬೆಲ್ ಮತ್ತು ಡಿಗ್ರಿ ಚಿಹ್ನೆಯೊಂದಿಗೆ ಬರುವ ಸಾಧ್ಯತೆಯಿದೆ, ಎಕ್ಸ್‌ಪೋರ್ಟ್ ಮಾಡುವಾಗಲೇ ರಿಯಲ್ ಮತ್ತು ಇಮ್ಯಾಜಿನರಿ ಆರಿಸಿಕೊಂಡರೆ ತಲೆನೋವು ಕಡಿಮೆ. ಬೈನರಿ ರಾ ಫೈಲನ್ನೇ ನೇರವಾಗಿ ಓದುವವರು ಸಮಯದ ಕಾಲಂಗೆ ಆಬ್ಸಲ್ಯೂಟ್ ವ್ಯಾಲ್ಯೂ ಹಾಕಿಕೊಳ್ಳಬೇಕು. ಕಂಪ್ರೆಶನ್ ಇದ್ದಾಗ ಅಲ್ಲಿ ಕೆಲವು ಸಮಯಗಳು ಋಣ ಚಿಹ್ನೆ ಹೊತ್ತು ಕೂತಿರುತ್ತವೆ.

ಎನ್‌ಜಿಸ್ಪೈಸ್‌ನ ಆರ್‌ಡೇಟಾ, ಅಂದರೆ ಡಬ್ಲ್ಯುಆರ್‌ಡೇಟಾ, ಪ್ರತಿ ವೆಕ್ಟರಿಗೂ ಸಮಯದ ಕಾಲಂ ಮತ್ತೆ ಮತ್ತೆ ಬರೆಯುತ್ತದೆ. ಎರಡು ವೋಲ್ಟೇಜ್ ಕೇಳಿದರೆ ನಾಲ್ಕು ಕಾಲಂ. ಮೂರನೆಯದನ್ನು ಎರಡನೇ ವೋಲ್ಟೇಜ್ ಎಂದುಕೊಂಡು ಪ್ಲಾಟ್ ಮಾಡಿದರೆ ಅಂದವಾದ ಓರೆ ಗೆರೆಯೊಂದು ಬರುತ್ತದೆ, ಅದು ಸಮಯವೇ. ಡಬ್ಲ್ಯುಆರ್ ಸಿಂಗಲ್‌ಸ್ಕೇಲ್ ಎಂಬ ವೇರಿಯೆಬಲ್ ಸೆಟ್ ಮಾಡಿದರೆ ಒಂದೇ ಸಮಯದ ಕಾಲಂ ಬರುತ್ತದೆ. ಹೆಸರಿನಲ್ಲಿ ಡಬ್ಲ್ಯುಆರ್ ಆದ ಮೇಲೆ ಅಂಡರ್‌ಸ್ಕೋರ್ ಇದೆ.

ಪೈಥಾನ್‌ನಲ್ಲಿ ಎಫ್‌ಎಫ್‌ಟಿ ಮಾಡುವಾಗ ಸಮಾನ ಅಂತರದ ಸಮಯವನ್ನು ಲಿನ್‌ಸ್ಪೇಸ್‌ನಿಂದ ಕಟ್ಟಿ, ಎಂಡ್‌ಪಾಯಿಂಟ್ ಫಾಲ್ಸ್ ಎಂದು ಕೊಡಿ. 10 ಆವೃತ್ತಿಗಳ ಮೊದಲ ಚುಕ್ಕೆಯೂ ಕೊನೆಯ ಚುಕ್ಕೆಯೂ ಒಂದೇ ಫೇಸ್‌ನವು. ಎರಡನ್ನೂ ಇಟ್ಟುಕೊಂಡರೆ ಆ ಫೇಸ್ ಎರಡು ಸಲ ಲೆಕ್ಕಕ್ಕೆ ಬಂದು, ಅಷ್ಟು ಕಷ್ಟಪಟ್ಟು ಕೂರಿಸಿದ ಪೂರ್ಣ ಆವೃತ್ತಿಗೆ ಒಂದು ಚುಕ್ಕೆಯಷ್ಟು ಬಾಲ ಬೆಳೆಯುತ್ತದೆ, ಶಿಖರದ ಬುಡ ಮತ್ತೆ ಹರಡುತ್ತದೆ.